ಬೋರ್ಡ್ ಕೈಗೆ ಬರುವ ಮೊದಲೇ ತಿರುಗಿಸಿ ನೋಡಿ: ಕೀಕ್ಯಾಡ್ 3ಡಿ ಪ್ರಶ್ನೋತ್ತರ

ಪಿಸಿಬಿ (ಎಲೆಕ್ಟ್ರಾನಿಕ್ ಕಾಂಪೊನೆಂಟುಗಳನ್ನು ಕೂರಿಸುವ ಸರ್ಕ್ಯೂಟ್ ಹಲಗೆ) ವಿನ್ಯಾಸದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೀಕ್ಯಾಡ್‌ನ 3ಡಿ ನೋಟದ ಕುರಿತಾಗಿವೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜ್ಯಾನ್-ಪಿಯೆರ್ ಶರಾಸ್ 1992ರಲ್ಲಿ ಶುರು ಮಾಡಿದ ಈ ಮುಕ್ತ ಪಿಸಿಬಿ ವಿನ್ಯಾಸ ತಂತ್ರಾಂಶಕ್ಕೆ ಆಮೇಲೆ ಜಿನೀವಾದ ಸರ್ನ್ ಪ್ರಯೋಗಾಲಯದ ಎಂಜಿನಿಯರುಗಳೂ ಕೈಜೋಡಿಸಿದರು. 3ಡಿ ನೋಟ ಇದರಲ್ಲಿ ಹಳೆಯದೇ. ಆದರೆ 2018ರ 5ನೇ ಆವೃತ್ತಿಯಲ್ಲಿ ಸ್ಟೆಪ್ ಮಾದರಿಗಳು (ಯಂತ್ರವಿನ್ಯಾಸದವರು ಬಳಸುವ 3ಡಿ ಫೈಲುಗಳು) ಮತ್ತು ರೇ ಟ್ರೇಸಿಂಗ್ (ಬೆಳಕು, ನೆರಳನ್ನು ಲೆಕ್ಕಹಾಕಿ ನಿಜದಂತೆ ತೋರಿಸುವ ವಿಧಾನ) ಬಂದ ಮೇಲೆ ಅದು ಚಂದಕ್ಕಿದ್ದದ್ದು ಹೋಗಿ ಕೆಲಸಕ್ಕೆ ಬರುವಂತಾಯಿತು. ಕೆಳಗಿನ ಉತ್ತರಗಳಲ್ಲಿ ಬರುವ ಮೆನು ಹೆಸರುಗಳು 8 ಮತ್ತು 9ನೇ ಆವೃತ್ತಿಯವು.

ಪ್ರಶ್ನೆ: ಪಿಸಿಬಿ ಎಡಿಟರ್‌ನಲ್ಲಿ ಆಲ್ಟ್ ಹಿಡಿದು 3 ಒತ್ತಿದರೆ ಬರೀ ಹಸಿರು ಹಲಗೆ ಕಾಣುತ್ತದೆ, ಒಂದೂ ಕಾಂಪೊನೆಂಟ್ ಇಲ್ಲ. ಹಲಗೆಯೂ ನಾನು ಬರೆದ ದುಂಡು ಮೂಲೆಯದಲ್ಲ, ಚೌಕಾಕಾರ. ಎಲ್ಲಿ ತಪ್ಪಿದೆ ಸರ್? (ದಾವಣಗೆರೆ)

ಉತ್ತರ: ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಂದರೆಗಳು.

ಹಲಗೆ ಚೌಕವಾಗಿ ಕಾಣುತ್ತಿದೆ ಎಂದರೆ ಬೋರ್ಡಿನ ಗಡಿ ಬರೆಯುವ ಎಡ್ಜ್ ಕಟ್ಸ್ ಲೇಯರಿನ ಗೆರೆ ಎಲ್ಲೋ ಕೂಡಿಕೊಂಡಿಲ್ಲ. ಗಡಿ ಪೂರ್ತಿ ಮುಚ್ಚದಿದ್ದರೆ ವ್ಯೂವರ್ ಎಲ್ಲವನ್ನೂ ಒಳಗೊಳ್ಳುವ ಒಂದು ಆಯತವನ್ನು ಊಹಿಸಿ ಬರೆದುಬಿಡುತ್ತದೆ, ಜೊತೆಗೆ ಗಡಿ ಸರಿಯಿಲ್ಲ ಎಂಬ ಸೂಚನೆಯನ್ನೂ ಕೊಡುತ್ತದೆ. ದುಂಡು ಮೂಲೆ ಇರುವ ಕಡೆ ಕಮಾನಿನ ತುದಿಗೂ ಗೆರೆಯ ತುದಿಗೂ ಕೂದಲೆಳೆಯ ಅಂತರ ಉಳಿಯುವುದೇ ಸಾಮಾನ್ಯ ಕಾರಣ. ಬೇರೆ ತಂತ್ರಾಂಶದಲ್ಲಿ ಬರೆದ ಡಿಎಕ್ಸ್‌ಎಫ್ ರೇಖಾಚಿತ್ರ ಆಮದು ಮಾಡಿಕೊಂಡಿದ್ದರೆ ಒಂದರ ಮೇಲೊಂದು ಎರಡು ಗೆರೆ ಬಿದ್ದಿರುವುದೂ ಉಂಟು. ಡಿಆರ್‌ಸಿ (ವಿನ್ಯಾಸದ ನಿಯಮಗಳ ಪರೀಕ್ಷೆ) ಓಡಿಸಿ, ಅಂತರ ಇರುವ ಜಾಗವನ್ನು ಅದೇ ಗುರುತು ಮಾಡಿ ತೋರಿಸುತ್ತದೆ. ಗೆರೆಗಳನ್ನೆಲ್ಲ ಆಯ್ದು, ಬಲ ಕ್ಲಿಕ್ ಮಾಡಿ, ಶೇಪ್ ಮಾಡಿಫಿಕೇಶನ್ ಅಡಿಯಲ್ಲಿರುವ ಹೀಲ್ ಶೇಪ್ಸ್ ಕೊಟ್ಟರೆ ಸಣ್ಣ ಅಂತರಗಳು ಮುಚ್ಚಿಕೊಳ್ಳುತ್ತವೆ. ಹೊಸದಾಗಿ ಬರೆಯುವಾಗ ಮೊದಲು ಆಯತ ಬರೆದು, ಅದೇ ಮೆನುವಿನ ಫಿಲೆಟ್ ಲೈನ್ಸ್‌ನಿಂದ ಮೂಲೆ ದುಂಡಗೆ ಮಾಡಿ. ಕಮಾನನ್ನು ಕೈಯಲ್ಲಿ ಬರೆಯುವ ಗೋಜಿಗೇ ಹೋಗಬೇಡಿ.

ಕಾಂಪೊನೆಂಟ್ ಕಾಣದಿರುವುದಕ್ಕೆ ಬಹುಪಾಲು ಕಾರಣ ಮಾದರಿಗಳ ಲೈಬ್ರರಿಯೇ ಕಂಪ್ಯೂಟರಿನಲ್ಲಿ ಇಲ್ಲದಿರುವುದು. ಹಲವು ಜಿಬಿ ಆಗುತ್ತದೆಂದು ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಅದರ ಟಿಕ್ ತೆಗೆದಿರಬಹುದು. ಉಬುಂಟು, ಡೆಬಿಯನ್‌ಗಳಲ್ಲಂತೂ ಅದು ಬೇರೆಯೇ ಪ್ಯಾಕೇಜು, ಹೆಸರು ಕೀಕ್ಯಾಡ್-ಪ್ಯಾಕೇಜಸ್3ಡಿ. ಅದಿದ್ದೂ ಕಾಣದಿದ್ದರೆ ಒಂದು ರೆಸಿಸ್ಟರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ 3ಡಿ ಮಾಡಲ್ಸ್ ಟ್ಯಾಬ್ ತೆರೆಯಿರಿ. ದಾರಿಯ ಪಕ್ಕ ಎಚ್ಚರಿಕೆಯ ಚಿಹ್ನೆ ಇದ್ದರೆ ಫೈಲ್ ಸಿಗುತ್ತಿಲ್ಲ ಎಂದರ್ಥ. ಪ್ರಿಫರೆನ್ಸಸ್ ಮೆನುವಿನ ಕಾನ್ಫಿಗರ್ ಪಾತ್ಸ್‌ನಲ್ಲಿ ಆ ವೇರಿಯಬಲ್ ಎಲ್ಲಿಗೆ ತೋರಿಸುತ್ತಿದೆ ನೋಡಿ. ವೇರಿಯಬಲ್ಲಿನ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆ ಇರುವುದರಿಂದ ಹಳೇ ಪ್ರಾಜೆಕ್ಟ್ ತೆರೆದಾಗ ಇಲ್ಲೇ ಎಡವುತ್ತಾರೆ. ಕೊನೆಯದಾಗಿ, 3ಡಿ ಕಿಟಕಿಯಲ್ಲಿ ಟಿ ಕೀಲಿ ಥ್ರೂ ಹೋಲ್ (ಕಾಲುಗಳು ರಂಧ್ರದೊಳಗೆ ಹೋಗುವ) ಮಾದರಿಗಳನ್ನೂ ಎಸ್ ಕೀಲಿ ಎಸ್‌ಎಂಡಿಗಳನ್ನೂ (ಬೋರ್ಡಿನ ಮೇಲ್ಮೈಗೇ ಬೆಸುಗೆಯಾಗುವವು) ಮರೆಮಾಡುತ್ತದೆ. ಕೈತಪ್ಪಿ ಒತ್ತಿರಬಹುದು.

ಪ್ರಶ್ನೆ: ಸ್ನೇಹಿತರೊಬ್ಬರು ಬ್ಲೆಂಡರ್‌ನಲ್ಲಿ ಪೊಟೆನ್ಶಿಯೋಮೀಟರ್ ನಾಬ್ ಮಾಡಿ ಡಬ್ಲ್ಯುಆರ್‌ಎಲ್ ಫೈಲ್ ಕೊಟ್ಟರು. ಕೀಕ್ಯಾಡ್‌ನಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾಗಿ ಕಾಣುತ್ತದೆ, ಅದೂ ಅಡ್ಡ ಬಿದ್ದಿದೆ. (ತುಮಕೂರು)

ಉತ್ತರ: ಡಬ್ಲ್ಯುಆರ್‌ಎಲ್ ಎಂದರೆ ವಿಆರ್‌ಎಂಎಲ್ ಫೈಲ್. ಅದರಲ್ಲಿ 1 ಎಂದು ಬರೆದಿದ್ದರೆ ಕೀಕ್ಯಾಡ್ ಅದನ್ನು 0.1 ಇಂಚು, ಅಂದರೆ 2.54 ಮಿ.ಮೀ. ಎಂದು ಓದುತ್ತದೆ. ಕಾಂಪೊನೆಂಟುಗಳೆಲ್ಲ ಇಂಚಿನ ಲೆಕ್ಕದಲ್ಲಿದ್ದ ಕಾಲದ ಪದ್ಧತಿ ಹಾಗೇ ಉಳಿದುಬಂದಿದೆ. ಹಾಗಾಗಿ ಮಿ.ಮೀ.ನಲ್ಲಿ ಬರೆದ ಮಾದರಿ ಎರಡೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ, ಸ್ಕೇಲ್‌ನ ಮೂರೂ ಖಾನೆಯಲ್ಲಿ 0.3937 ಹಾಕಿದರೆ ಸರಿಯಾಗುತ್ತದೆ. ಬ್ಲೆಂಡರ್ ತಾನಾಗಿ ಮೀಟರಿನಲ್ಲಿ ಲೆಕ್ಕ ಹಿಡಿಯುತ್ತದೆ. ನಿಮ್ಮ 15 ಮಿ.ಮೀ. ನಾಬ್ ಫೈಲಿನಲ್ಲಿ 0.015 ಆಗಿ ಕೂತಿದೆ. ಅದಕ್ಕೆ ಸ್ಕೇಲ್ 393.7 ಬೇಕು.

ಅಡ್ಡ ಬಿದ್ದಿರುವುದು ಅಕ್ಷದ ಗೊಂದಲ. ಕೀಕ್ಯಾಡ್‌ಗೆ ಮೇಲ್ಮುಖ ಎಂದರೆ ಝಡ್. ರಫ್ತು ಮಾಡುವಾಗ ಹಲವು ತಂತ್ರಾಂಶಗಳು ವೈ ಅಕ್ಷವನ್ನು ಮೇಲ್ಮುಖ ಮಾಡುತ್ತವೆ. ರೊಟೇಶನ್‌ನ ಎಕ್ಸ್ ಖಾನೆಯಲ್ಲಿ 90 ಹಾಕಿ, ತಲೆಕೆಳಗಾದರೆ -90 ಹಾಕಿ.

ಆದರೂ ನಮ್ಮ ಸಲಹೆ, ಹೊಸದಾಗಿ ಮಾಡುವಾಗ ಸ್ಟೆಪ್ ಫೈಲನ್ನೇ ಮಾಡಿಸಿ. ಸ್ಟೆಪ್‌ನಲ್ಲಿ ಅಳತೆಯ ಮಾನ ಫೈಲಿನೊಳಗೇ ಇರುತ್ತದೆ, ಸ್ಕೇಲ್ 1 ಇಟ್ಟರೆ ಸಾಕು. ವಿಆರ್‌ಎಂಎಲ್‌ನಲ್ಲಿ ಇರುವುದು ತ್ರಿಕೋನಗಳ ಸಿಪ್ಪೆ ಮಾತ್ರ, ಸ್ಟೆಪ್‌ನಲ್ಲಿ ನಿಜವಾದ ಘನಾಕೃತಿ ಇರುತ್ತದೆ. ಮುಂದೆ ಬೋರ್ಡನ್ನು ಡಬ್ಬದ ವಿನ್ಯಾಸಕ್ಕೆ ಕಳಿಸುವಾಗ ಸ್ಟೆಪ್ ಇರುವ ಕಾಂಪೊನೆಂಟುಗಳಷ್ಟೇ ಅಲ್ಲಿಗೆ ಹೋಗುತ್ತವೆ.

ಪ್ರಶ್ನೆ: ಪವರ್ ಸಪ್ಲೈ ಬೋರ್ಡ್ ಮಾಡಿಸಿದೆವು. ಡಬ್ಬದ ಒಳ ಎತ್ತರ 24 ಮಿ.ಮೀ., ಸ್ಪೇಸರ್ 6 ಮಿ.ಮೀ. 3ಡಿಯಲ್ಲಿ ನೋಡಿದಾಗ ಎಲ್ಲ ಅಚ್ಚುಕಟ್ಟಾಗಿ ಕೂತಿತ್ತು. ಬೋರ್ಡ್ ಬಂದು ಬೆಸುಗೆ ಹಾಕಿದ ಮೇಲೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ 4 ಮಿ.ಮೀ. ಮೇಲೆ ನಿಂತಿದೆ, ಮುಚ್ಚಳ ಕೂರುತ್ತಿಲ್ಲ. ಹಾಗಾದರೆ 3ಡಿ ನಂಬುವುದು ಹೇಗೆ? (ಪೀಣ್ಯ, ಬೆಂಗಳೂರು)

ಉತ್ತರ: ಈ ಸಲದ ಪತ್ರಗಳಲ್ಲಿ ಎಲ್ಲರೂ ಓದಬೇಕಾದ ಪ್ರಶ್ನೆ ಇದು. ನೀವು ಬಳಸಿದ ಫುಟ್‌ಪ್ರಿಂಟಿನ (ಕಾಂಪೊನೆಂಟ್ ಕೂರಲು ಬೋರ್ಡಿನ ಮೇಲೆ ಬಿಡುವ ಪ್ಯಾಡುಗಳ ನಕ್ಷೆ) ಹೆಸರನ್ನೇ ಮತ್ತೊಮ್ಮೆ ಓದಿ: ಸಿಪಿ ರೇಡಿಯಲ್, ಡಿ 10.0, ಪಿ 5.00. ವ್ಯಾಸ 10 ಮಿ.ಮೀ., ಕಾಲುಗಳ ಅಂತರ 5 ಮಿ.ಮೀ. ಎತ್ತರದ ಮಾತೇ ಅದರಲ್ಲಿ ಇಲ್ಲ. ತಾಮ್ರದ ಪ್ಯಾಡಿಗೆ ಎತ್ತರ ಬೇಕಾಗಿಲ್ಲ, ಹಾಗಾಗಿ ಹೆಸರಿನಲ್ಲೂ ಬಂದಿಲ್ಲ. ಆದರೆ ಚಿತ್ರಕ್ಕೆ ಯಾವುದಾದರೂ ಒಂದು ಎತ್ತರ ಕೊಡಲೇಬೇಕಲ್ಲ. ಲೈಬ್ರರಿ ಮಾಡಿದವರು ಒಂದನ್ನು ಕೊಟ್ಟಿದ್ದಾರೆ. ಅಂಗಡಿಯಲ್ಲಿ ಅದೇ 10 ಮಿ.ಮೀ. ವ್ಯಾಸದ ಕೆಪಾಸಿಟರು 12.5, 16, 20 ಮಿ.ಮೀ. ಎತ್ತರಗಳಲ್ಲಿ ಸಿಗುತ್ತದೆ, ವೋಲ್ಟೇಜು, ಕೆಪಾಸಿಟೆನ್ಸು ಹೆಚ್ಚಾದಂತೆ ಎತ್ತರವೂ ಹೆಚ್ಚು.

ನಿಮ್ಮ ಲೆಕ್ಕ ಹಾಕೋಣ. ಸ್ಪೇಸರ್ 6, ಬೋರ್ಡ್ 1.6, ಕೆಪಾಸಿಟರ್ 12.5 ಆಗಿದ್ದರೆ ಒಟ್ಟು 20.1. ಡಬ್ಬದಲ್ಲಿ ಸಲೀಸಾಗಿ ಕೂರುತ್ತದೆ. ಕೆಪಾಸಿಟರ್ 20 ಆದರೆ ಒಟ್ಟು 27.6. ಬೆಸುಗೆ ಹಾಕುವಾಗ ಅದು ಬೋರ್ಡಿಗೆ ಪೂರ್ತಿ ಅಂಟಿ ಕೂರದೆ ಅರ್ಧ ಮಿ.ಮೀ. ಎದ್ದು ನಿಂತರೆ ಸುಮಾರು 28. ನೀವು ಹೇಳಿದ 4 ಮಿ.ಮೀ. ಅಲ್ಲಿಗೆ ಸರಿಹೋಯಿತು. ಪರದೆಯ ಮೇಲಿನದು ಸುಳ್ಳಲ್ಲ, ಆದರೆ ಅದು ನೀವು ಕೊಂಡ ಕೆಪಾಸಿಟರಿನ ಚಿತ್ರವೂ ಅಲ್ಲ.

ಫುಟ್‌ಪ್ರಿಂಟು ಬೇರೆ, ಮಾದರಿ ಬೇರೆ. ಎರಡನ್ನೂ ಒಂದಕ್ಕೊಂದು ಹೋಲಿಸಿ ತಪ್ಪು ಹಿಡಿಯುವ ವ್ಯವಸ್ಥೆ ಕೀಕ್ಯಾಡ್‌ನಲ್ಲಿ ಇಲ್ಲ. ಪುಟ್ಟ ಎಸ್‌ಓಟಿ-23 ಟ್ರಾನ್ಸಿಸ್ಟರಿನ ಪ್ಯಾಡುಗಳ ಮೇಲೆ ದೊಡ್ಡ ಟಿಓ-220ರ ಮಾದರಿ ತಂದಿಟ್ಟರೂ ಅದು ಸುಮ್ಮನೆ ತೋರಿಸುತ್ತದೆ. ಆದ್ದರಿಂದ 3ಡಿ ನೋಡುವ ಮೊದಲು ಎತ್ತರದ ಕಾಂಪೊನೆಂಟುಗಳನ್ನೆಲ್ಲ ಪಟ್ಟಿ ಮಾಡಿ: ಎಲೆಕ್ಟ್ರೋಲಿಟಿಕ್ ಕೆಪಾಸಿಟರು, ರಿಲೇ, ಟ್ರಾನ್ಸ್‌ಫಾರ್ಮರು, ಹೀಟ್‌ಸಿಂಕು, ಕನೆಕ್ಟರು. ಪ್ರತಿಯೊಂದರ ಡೇಟಾಶೀಟಿನ ಎತ್ತರ ಬರೆದುಕೊಳ್ಳಿ. ವಸ್ತು ಕೈಯಲ್ಲಿದ್ದರೆ ವರ್ನಿಯರ್ ಹಿಡಿದು ಅಳೆಯಿರಿ. ಮಾದರಿಯ ಸ್ಟೆಪ್ ಫೈಲನ್ನು ಫ್ರೀಕ್ಯಾಡ್ ಎಂಬ ಮುಕ್ತ 3ಡಿ ವಿನ್ಯಾಸ ತಂತ್ರಾಂಶದಲ್ಲಿ ತೆರೆದರೆ ಅದರ ಎತ್ತರವೂ ಸಿಗುತ್ತದೆ. ಎರಡೂ ಹೊಂದದಿದ್ದರೆ ಮಾದರಿಯನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿ, ಸಿಲಿಂಡರನ್ನು ಉದ್ದ ಮಾಡಿ ಸೇರಿಸಿ. ಝಡ್ ಸ್ಕೇಲ್ ಮಾತ್ರ 1.6 ಮಾಡಿ ಹಿಗ್ಗಿಸಿದರೆ ಪರದೆಯಲ್ಲಿ ಸರಿ ಕಾಣಬಹುದು. ಆದರೆ ಒಂದೇ ದಿಕ್ಕಿಗೆ ಹಿಗ್ಗಿಸಿದ್ದು ಸ್ಟೆಪ್ ರಫ್ತಿನಲ್ಲಿ ಹಾಗೇ ಬರುತ್ತದೆಂದು ನೆಚ್ಚಿಕೊಳ್ಳಬೇಡಿ.

ಇದರ ಜೊತೆಗೇ ಇನ್ನೆರಡು ಕಡೆ ಕಣ್ಣಿಡಿ. ಒಂದರ ಮೇಲೊಂದು ಎರಡು ಬೋರ್ಡ್ ಜೋಡಿಸುವವರು ಸಾಮಾನ್ಯ 2.54 ಮಿ.ಮೀ. ಹೆಣ್ಣು ಸಾಕೆಟ್ಟಿನ ಎತ್ತರ 8.5, ಗಂಡು ಹೆಡರಿನ ಪ್ಲಾಸ್ಟಿಕ್ಕು 2.5, ಒಟ್ಟು 11 ಮಿ.ಮೀ. ಅಂತರ ಎಂದು ನೆನಪಿಡಬೇಕು. ಸುಮಾರು 15 ಮಿ.ಮೀ. ಎತ್ತರದ ಶುಗರ್ ಕ್ಯೂಬ್ ರಿಲೇ ಅದರಡಿ ನುಸುಳುವುದಿಲ್ಲ.

ಇನ್ನೊಂದು, ವ್ಯೂವರ್‌ನಲ್ಲಿ ಸಾಕೆಟ್ ಕಾಣುತ್ತದೆ, ಅದಕ್ಕೆ ಚುಚ್ಚುವ ಪ್ಲಗ್ ಕಾಣುವುದಿಲ್ಲ. ಯುಎಸ್‌ಬಿ ಕೇಬಲ್ಲಿನ ಪ್ಲಾಸ್ಟಿಕ್ ಹಿಡಿ, ಸ್ಕ್ರೂ ಟರ್ಮಿನಲ್ಲಿನ ತಂತಿ, ಸ್ಕ್ರೂಡ್ರೈವರ್ ಇಳಿಯುವ ಜಾಗ ಇವೆಲ್ಲ ಖಾಲಿಯಾಗಿ ಕಾಣುತ್ತವೆ, ಅಲ್ಲೇ ಇನ್ನೊಂದು ಕಾಂಪೊನೆಂಟ್ ಇಟ್ಟುಬಿಡುತ್ತೇವೆ. ಒಂದು ಫುಟ್‌ಪ್ರಿಂಟಿಗೆ ಎಷ್ಟು ಮಾದರಿ ಬೇಕಾದರೂ ಸೇರಿಸಬಹುದು. ಕನೆಕ್ಟರಿಗೆ ಎರಡನೇ ಮಾದರಿಯಾಗಿ ಪ್ಲಗ್ಗಿನ ಅಳತೆಯ ಒಂದು ಇಟ್ಟಿಗೆ ಸೇರಿಸಿ, ಒಪಾಸಿಟಿ ಶೇಕಡಾ 30ಕ್ಕೆ ಇಳಿಸಿ. ಗಾಜಿನಂಥ ಆ ಇಟ್ಟಿಗೆಗೆ ಏನಾದರೂ ತಗುಲಿದರೆ ಕಣ್ಣಿಗೆ ಹೊಡೆಯುತ್ತದೆ. ಡಬ್ಬದವರಿಗೆ ಫೈಲ್ ಕಳಿಸುವಾಗ ಆ ಮಾದರಿಯ ಮುಂದಿನ ಟಿಕ್ ತೆಗೆಯಿರಿ.

ಪ್ರಶ್ನೆ: ಎಸ್‌ಪಿ ರಸ್ತೆಯಲ್ಲಿ ಕೊಂಡ ಬಕ್ ಕನ್ವರ್ಟರ್ (ವೋಲ್ಟೇಜು ಇಳಿಸುವ) ಮಾಡ್ಯೂಲನ್ನು ನನ್ನ ಬೋರ್ಡಿನ ಮೇಲೆ ಕೂರಿಸಬೇಕು. ಅಳೆದರೆ 43 × 21 ಮಿ.ಮೀ., ಅದರ ಬೋರ್ಡಿನ ತಳದಿಂದ ಕೆಪಾಸಿಟರಿನ ತುದಿಯವರೆಗೆ 14 ಮಿ.ಮೀ. ಇದಕ್ಕೆ ಮಾದರಿ ಎಲ್ಲೂ ಸಿಗಲಿಲ್ಲ. (ಹಾಸನ)

ಉತ್ತರ: ಹುಡುಕಬೇಡಿ, ಅರ್ಧ ಗಂಟೆಯಲ್ಲಿ ನೀವೇ ಮಾಡಿಕೊಳ್ಳಬಹುದು. ಡಬ್ಬದೊಳಗೆ ಕೂರುತ್ತದೋ ಇಲ್ಲವೋ ನೋಡಲು ಕಾಯಿಲ್ಲಿನ ಸುತ್ತುಗಳೆಲ್ಲ ಬೇಕಾಗಿಲ್ಲ, ಹೊರ ಆಕಾರ ಸಾಕು.

ಮಾಡ್ಯೂಲನ್ನು ಹೆಡರ್ ಪಿನ್ ಹಾಕಿ ನಿಲ್ಲಿಸುತ್ತೀರಿ ಎಂದುಕೊಳ್ಳೋಣ. ಆಗ ಪ್ಲಾಸ್ಟಿಕ್ಕಿನಿಂದಾಗಿ ಕೆಳಗೆ 2.5 ಮಿ.ಮೀ. ಸಂದು ಉಳಿಯುತ್ತದೆ. ಫ್ರೀಕ್ಯಾಡ್‌ನ ಪಾರ್ಟ್ ವರ್ಕ್‌ಬೆಂಚಿನಲ್ಲಿ ಒಂದು ಕ್ಯೂಬ್ ಸೇರಿಸಿ, ಉದ್ದ 43, ಅಗಲ 21, ಎತ್ತರ 1.6 ಕೊಡಿ. ಪ್ಲೇಸ್‌ಮೆಂಟ್‌ನಲ್ಲಿ ಎಕ್ಸ್ -21.5, ವೈ -10.5, ಝಡ್ 2.5. ಹೀಗೆ ಮಾಡಿದರೆ ಮಾಡ್ಯೂಲಿನ ಮಧ್ಯಬಿಂದು ಸೊನ್ನೆಯ ಮೇಲೆ ಬರುತ್ತದೆ, ಝಡ್ ಸೊನ್ನೆ ಎಂದರೆ ನಿಮ್ಮ ಬೋರ್ಡಿನ ಮೇಲ್ಮೈ. ಕೆಪಾಸಿಟರುಗಳಿಗೆ ಸಿಲಿಂಡರ್: ಝಡ್ 4.1ರಿಂದ ಶುರು, ಎತ್ತರ 12.4. ತುದಿ 16.5ಕ್ಕೆ ಬರುತ್ತದೆ, ನಿಮ್ಮ ಬೋರ್ಡಿನಿಂದ ಮೇಲಕ್ಕೆ ಬೇಕಾಗುವ ಜಾಗ 14 ಅಲ್ಲ, 16.5. ಕಾಯಿಲ್ಲಿಗೆ ಇನ್ನೊಂದು ಕ್ಯೂಬ್. ಸಣ್ಣ ಟ್ರಿಮ್ ಪಾಟ್ ಬಿಡಬೇಡಿ, ಅದನ್ನು ತಿರುಗಿಸಲು ಮೇಲಿಂದ ಸ್ಕ್ರೂಡ್ರೈವರ್ ಇಳಿಯಬೇಕು. ಬಣ್ಣ ಕೊಟ್ಟು, ಎಲ್ಲವನ್ನೂ ಆಯ್ದು ಕಾಂಪೌಂಡ್ ಮಾಡಿ, ಸ್ಟೆಪ್ ಆಗಿ ರಫ್ತು ಮಾಡಿ.

ಈಗ ಜೋಡಿಸುವುದು. ಥ್ರೂ ಹೋಲ್ ಫುಟ್‌ಪ್ರಿಂಟುಗಳಲ್ಲಿ ಸೊನ್ನೆಬಿಂದು ಸಾಮಾನ್ಯವಾಗಿ 1ನೇ ಪ್ಯಾಡಿನಲ್ಲಿರುತ್ತದೆ, ಮಧ್ಯದಲ್ಲಲ್ಲ. ನಿಮ್ಮ ಮಾಡ್ಯೂಲಿನ 1ನೇ ರಂಧ್ರ ಎಡ ಅಂಚಿನಿಂದ 2, ಮೇಲಿನ ಅಂಚಿನಿಂದ 2 ಮಿ.ಮೀ. ಒಳಗಿದ್ದರೆ, ಮಧ್ಯಬಿಂದು ಆ ರಂಧ್ರದಿಂದ 19.5 ಬಲಕ್ಕೆ, 8.5 ಕೆಳಕ್ಕೆ ಇದೆ. ಆಫ್‌ಸೆಟ್‌ನಲ್ಲಿ ಎಕ್ಸ್ 19.5 ಹಾಕಿ. ವೈ ಮಾತ್ರ -8.5 ಹಾಕಬೇಕು. ಫುಟ್‌ಪ್ರಿಂಟ್ ಎಡಿಟರಿನಲ್ಲಿ ವೈ ಕೆಳಕ್ಕೆ ಹೋದಷ್ಟೂ ಹೆಚ್ಚುತ್ತದೆ, 3ಡಿಯಲ್ಲಿ ಮೇಲಕ್ಕೆ ಹೋದಷ್ಟೂ ಹೆಚ್ಚುತ್ತದೆ. ಮಾದರಿ ಬೋರ್ಡಿನಾಚೆ ಹಾರಿಹೋಗಿದ್ದರೆ ಮೊದಲು ಈ ಚಿಹ್ನೆಯನ್ನೇ ನೋಡಿ.

ಫೈಲನ್ನು ಡೆಸ್ಕ್‌ಟಾಪಿನಲ್ಲಿ ಇಡಬೇಡಿ. ಪ್ರಾಜೆಕ್ಟಿನೊಳಗೆ ಒಂದು ಫೋಲ್ಡರ್ ಮಾಡಿ ಅಲ್ಲಿಟ್ಟು, ದಾರಿಯನ್ನು ಪ್ರಾಜೆಕ್ಟ್ ಫೋಲ್ಡರಿನ ವೇರಿಯಬಲ್ಲಿನಿಂದ (ಕೆಐಪಿಆರ್‌ಜೆಎಂಒಡಿ) ಶುರು ಮಾಡಿ. ಆಗ ಪ್ರಾಜೆಕ್ಟನ್ನು ಬೇರೆ ಕಂಪ್ಯೂಟರಿಗೆ ಒಯ್ದರೂ ಮಾದರಿ ಕಳಚಿಕೊಳ್ಳುವುದಿಲ್ಲ. ವಿಂಡೋಸ್‌ನಲ್ಲಿ ನಡೆದದ್ದು ಲಿನಕ್ಸ್‌ನಲ್ಲಿ ನಡೆಯದಿದ್ದರೆ ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ. 9ನೇ ಆವೃತ್ತಿಯಲ್ಲಿ ಮಾದರಿಯನ್ನು ಫುಟ್‌ಪ್ರಿಂಟಿನೊಳಗೇ ಅಡಕ ಮಾಡುವ ಸೌಕರ್ಯ ಬಂದಿದೆ, ಒಂದೆರಡು ವಿಶೇಷ ಮಾದರಿಗಳಿಗೆ ಅದು ಬಹಳ ಅನುಕೂಲ.

ಪ್ರಶ್ನೆ: ಬೋರ್ಡಿನ ಸ್ಟೆಪ್ ತೆಗೆದು ಫ್ರೀಕ್ಯಾಡ್‌ನಲ್ಲಿ ಡಬ್ಬ ಮಾಡುತ್ತಿದ್ದೇನೆ. ಬೋರ್ಡ್ ತಿದ್ದಿದಾಗಲೆಲ್ಲ ಮತ್ತೆ ತಂದರೆ ಬೇರೆಲ್ಲೋ ಕೂರುತ್ತದೆ, ಪ್ರತಿ ಸಲ ಕೈಯಲ್ಲಿ ಸರಿಸಬೇಕು. (ಮೈಸೂರು)

ಉತ್ತರ: ರಫ್ತಿನ ಕಿಟಕಿಯಲ್ಲಿ ಸೊನ್ನೆಬಿಂದು ಬೋರ್ಡಿನ ಮಧ್ಯ ಎಂದಿದ್ದರೆ ಹೀಗಾಗುತ್ತದೆ: ಒಂದು ಅಂಚನ್ನು 2 ಮಿ.ಮೀ. ಹಿಗ್ಗಿಸಿದರೆ ಮಧ್ಯ 1 ಮಿ.ಮೀ. ಸರಿಯುತ್ತದೆ. ಪ್ಲೇಸ್ ಮೆನುವಿನಲ್ಲಿ ಡ್ರಿಲ್/ಪ್ಲೇಸ್ ಫೈಲ್ ಆರಿಜಿನ್ ತೆಗೆದುಕೊಂಡು ಒಂದು ಮೌಂಟಿಂಗ್ ರಂಧ್ರದ ನಡುವೆ ಇಡಿ, ರಫ್ತಿನಲ್ಲಿ ಅದನ್ನೇ ಆಯ್ಕೆ ಮಾಡಿ. ಮೂಲೆಗಿಂತ ರಂಧ್ರ ಒಳ್ಳೆಯದು, ಏಕೆಂದರೆ ಅಂಚು ಬದಲಾದರೂ ಸ್ಕ್ರೂ ಕೂರುವ ಜಾಗ ಬದಲಾಗುವುದು ಕಡಿಮೆ.

ಅದೇ ಕಿಟಕಿಯಲ್ಲಿ ಒಂದೇ ಹೆಸರಿನ ಸ್ಟೆಪ್ ಮಾದರಿಯನ್ನು ಬದಲಿಗೆ ಬಳಸುವ ಆಯ್ಕೆಗೆ ಟಿಕ್ ಇರಲಿ, ಡಬ್ಲ್ಯುಆರ್‌ಎಲ್ ಇರುವ ಹಳೇ ಫುಟ್‌ಪ್ರಿಂಟುಗಳೂ ಆಗ ಬರುತ್ತವೆ. ತಾಮ್ರದ ಗೆರೆಗಳನ್ನು ಸೇರಿಸಬೇಡಿ. ಡಬ್ಬಕ್ಕೆ ಅವುಗಳಿಂದ ಉಪಯೋಗವಿಲ್ಲ, ಫೈಲ್ ಮಾತ್ರ ಬೆಟ್ಟದಷ್ಟು ಆಗಿ ಫ್ರೀಕ್ಯಾಡ್ ತೆವಳುತ್ತದೆ.

ಡಬ್ಬದ ಅಳತೆಗೆ ಬೋರ್ಡಿನ ಸುತ್ತ 0.5 ಮಿ.ಮೀ. ಬಿಡಿ. ಎಂ3 ಸ್ಕ್ರೂಗೆ ಬೋರ್ಡಿನಲ್ಲಿ 3.2 ಮಿ.ಮೀ. ರಂಧ್ರ, ಅದರ ಸುತ್ತ ವಾಷರಿಗಾಗಿ 7 ಮಿ.ಮೀ. ವ್ಯಾಸದ ಜಾಗದಲ್ಲಿ ಟ್ರ್ಯಾಕ್ ಬೇಡ, ಕಾಂಪೊನೆಂಟೂ ಬೇಡ.

ಪ್ರಶ್ನೆ: ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ 3ಡಿ ತೆರೆಯಲು ನಿಮಿಷಗಟ್ಟಲೆ ಬೇಕು, ತಿರುಗಿಸಿದರೆ ನಿಂತುಬಿಡುತ್ತದೆ. (ರಾಯಚೂರು)

ಉತ್ತರ: ಮೊದಲ ಸಲ ನಿಧಾನವೇ. ಪ್ರತಿ ಸ್ಟೆಪ್ ಫೈಲನ್ನೂ ತ್ರಿಕೋನಗಳಾಗಿ ಒಡೆದು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ, ಎರಡನೇ ಸಲ ಬೇಗ ಬರುತ್ತದೆ. ತಿರುಗಿಸುವಾಗ ನಿಂತರೆ ಪ್ರಿಫರೆನ್ಸಸ್‌ನ 3ಡಿ ವ್ಯೂವರ್ ವಿಭಾಗದಲ್ಲಿ ಚಲಿಸುವಾಗ ತಾಮ್ರದ ದಪ್ಪ, ವಯಾ (ಲೇಯರುಗಳನ್ನು ಜೋಡಿಸುವ ಸಣ್ಣ ತಾಮ್ರದ ರಂಧ್ರ), ರಂಧ್ರ ತೋರಿಸಬೇಡ ಎನ್ನುವ ಟಿಕ್‌ಗಳನ್ನು ಹಾಕಿ. ರೇ ಟ್ರೇಸಿಂಗ್ ಬಟನ್ ಒತ್ತಿರಬೇಡಿ, ಆ ಲೆಕ್ಕವನ್ನೆಲ್ಲ ಗ್ರಾಫಿಕ್ಸ್ ಕಾರ್ಡಲ್ಲ, ಪ್ರೊಸೆಸರೇ ಮಾಡುತ್ತದೆ. ವರದಿಗೆ ಚಿತ್ರ ಬೇಕಾದಾಗ ಮಾತ್ರ ಅದು. ವರ್ಚುವಲ್ ಮಶೀನಿನೊಳಗೆ ಓಡಿಸುತ್ತಿದ್ದರೆ ಅದರ 3ಡಿ ಆಕ್ಸಲರೇಶನ್ ಆನ್ ಇದೆಯೇ ನೋಡಿ.

ಪ್ರಶ್ನೆ: ಬೋರ್ಡ್ ಮಾಡಿಕೊಡುವವರಿಗೆ 3ಡಿ ಫೈಲ್ ಕಳಿಸಬೇಕೇ? (ಬೆಳಗಾವಿ)

ಉತ್ತರ: ಬೇಡ. ಅವರಿಗೆ ಬೇಕಾದ್ದು ಗರ್ಬರ್ (ಒಂದೊಂದು ಲೇಯರಿನ ಚಿತ್ರ) ಮತ್ತು ಡ್ರಿಲ್ ಫೈಲು. 3ಡಿಯಲ್ಲಿ ಸರಿಯಿದ್ದು ಗರ್ಬರಿನಲ್ಲಿ ಒಂದು ಲೇಯರ್ ಬಿಟ್ಟುಹೋಗಿರಬಹುದು. ಕಳಿಸುವ ಮೊದಲು ಕೀಕ್ಯಾಡ್‌ನದೇ ಗರ್ಬ್‌ವ್ಯೂನಲ್ಲಿ ಅವೇ ಫೈಲುಗಳನ್ನು ತೆರೆದು ನೋಡಿ. ಯಂತ್ರದಲ್ಲಿ ಕಾಂಪೊನೆಂಟ್ ಕೂರಿಸುವವರ ಕೋನದ ಲೆಕ್ಕ ಬೇರೆ ಇರುತ್ತದೆ, 3ಡಿಯಲ್ಲಿ ಐಸಿ ನೆಟ್ಟಗೆ ಕಂಡರೆ ಅವರಲ್ಲೂ ನೆಟ್ಟಗೆ ಕೂರುತ್ತದೆ ಎಂದಲ್ಲ.

ಪ್ರಶ್ನೆ: ಕೀಕ್ಯಾಡ್ ಬಿಟ್ಟು ಬೇರೆ ಮುಕ್ತ ತಂತ್ರಾಂಶಗಳಲ್ಲಿ 3ಡಿ ಇದೆಯೇ? (ಶಿವಮೊಗ್ಗ)

ಉತ್ತರ: ಇದೆ. ಲಿಬ್ರೆಪಿಸಿಬಿಗೆ 2023ರ 1.0 ಆವೃತ್ತಿಯಲ್ಲಿ 3ಡಿ ನೋಟ ಮತ್ತು ಸ್ಟೆಪ್ ರಫ್ತು ಬಂತು. ಹೊರೈಜನ್ ಇಡಿಎಯಲ್ಲೂ ಇದೆ. ಪಿಸಿಬಿ-ಆರ್‌ಎನ್‌ಡಿ ತನ್ನ ಬೋರ್ಡನ್ನು ಓಪನ್‌ಸ್ಕ್ಯಾಡ್ (ಕೋಡ್ ಬರೆದು 3ಡಿ ಆಕಾರ ಮಾಡುವ ತಂತ್ರಾಂಶ) ಲಿಪಿಯಾಗಿ ಬರೆದುಕೊಡುತ್ತದೆ. ಹೊಸಬರಿಗೆ ನಾವು ಹೇಳುವುದು ಕೀಕ್ಯಾಡನ್ನೇ, ಮಾದರಿಗಳ ಲೈಬ್ರರಿ ಅಷ್ಟು ದೊಡ್ಡದಿದೆ.

ಪ್ರಶ್ನೆ: ನಾವು ಮೂವರು ಪ್ರೋಗ್ರಾಮರುಗಳು ಸೇರಿ ಒಂದು ಸಣ್ಣ ಮುಕ್ತ ಪಿಸಿಬಿ ತಂತ್ರಾಂಶಕ್ಕೆ 3ಡಿ ನೋಟ ಸೇರಿಸಲು ಹೊರಟಿದ್ದೇವೆ. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಮುಗ್ಗರಿಸುತ್ತೇವೆ? (ಮಂಗಳೂರು)

ಉತ್ತರ: ಬಹಳ ಸಂತೋಷ. ಕೆಲಸ ಕಂಡಷ್ಟು ಭಯಂಕರವಲ್ಲ, ಕ್ರಮ ತಪ್ಪಿದರೆ ಮಾತ್ರ ಕೈಕೊಡುತ್ತದೆ.

ಮೊದಲು ಬರಿಯ ಹಲಗೆ. ಘನಾಕೃತಿಯಿಂದ ಒಂದೊಂದೇ ರಂಧ್ರವನ್ನು ಕೊರೆದು ಕಳೆಯಲು ಹೋಗಬೇಡಿ, ಐನೂರು ವಯಾ ಇರುವ ಬೋರ್ಡಿನಲ್ಲಿ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಎಲ್ಲ ಕಳೆಯುವುದನ್ನೂ ಎರಡು ಆಯಾಮದಲ್ಲೇ ಮುಗಿಸಿ: ಗಡಿಯ ಬಹುಭುಜದಿಂದ ರಂಧ್ರಗಳ ಬಹುಭುಜಗಳನ್ನು ಕ್ಲಿಪರ್ ಎಂಬ ಕೋಡ್ ಲೈಬ್ರರಿ ಬಳಸಿ ಕಳೆಯಿರಿ, ಉಳಿದದ್ದನ್ನು ತ್ರಿಕೋನಗಳಾಗಿ ಒಡೆಯಿರಿ, ಆಮೇಲೆ 1.6 ಮಿ.ಮೀ. ಮೇಲಕ್ಕೆ ಎತ್ತಿ ಸುತ್ತ ಗೋಡೆ ಕಟ್ಟಿ. ವೃತ್ತವನ್ನು ಎಷ್ಟು ಗೆರೆಗಳಾಗಿ ಒಡೆಯಬೇಕು ಎಂಬುದನ್ನು ಒಂದೇ ಸಂಖ್ಯೆಗೆ ಕಟ್ಟಿಹಾಕಬೇಡಿ. ಸಹಿಸಬಹುದಾದ ತಪ್ಪನ್ನು ಇಟ್ಟುಕೊಂಡು ಲೆಕ್ಕ ಹಾಕಿ. ತ್ರಿಜ್ಯ 0.5, ತಪ್ಪು 0.005 ಮಿ.ಮೀ. ಆದರೆ 23 ಗೆರೆ ಸಾಕು. ತ್ರಿಜ್ಯ ದೊಡ್ಡದಾದಂತೆ ಗೆರೆಗಳೂ ಹೆಚ್ಚಬೇಕು, ಇಲ್ಲದಿದ್ದರೆ ಗುಂಡಗಿನ ಬೋರ್ಡು ಮೂಲೆ ಮೂಲೆಯಾಗಿ ಕಾಣುತ್ತದೆ.

ನಂತರ ತಾಮ್ರ. ಒಂದು ಔನ್ಸ್ ತಾಮ್ರದ ದಪ್ಪ 0.035 ಮಿ.ಮೀ., ಬೋರ್ಡು 100 ಮಿ.ಮೀ. ಅಗಲ. ದೂರದಿಂದ ನೋಡಿದಾಗ ಗ್ರಾಫಿಕ್ಸ್ ಕಾರ್ಡಿಗೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ತಿಳಿಯದೆ ತಾಮ್ರವೂ ಹಲಗೆಯೂ ಮಿಣಮಿಣ ಎಂದು ಕಿತ್ತಾಡುತ್ತವೆ. ನಿಯರ್ ಪ್ಲೇನನ್ನು (ಅದಕ್ಕಿಂತ ಹತ್ತಿರದ್ದನ್ನು ತೋರಿಸದ ಗಡಿ) ಕಣ್ಣಿಗೆ ತೀರಾ ಹತ್ತಿರ ಇಟ್ಟಿರುವುದು ಇದಕ್ಕೆ ಮುಖ್ಯ ಕಾರಣ. ಜೂಮ್ ಬದಲಾದಂತೆ ಅದನ್ನು ಬೋರ್ಡಿನ ಹತ್ತಿರಕ್ಕೆ ತನ್ನಿ, ಆಗಲೂ ನಿಲ್ಲದಿದ್ದರೆ ತೋರಿಸಲು ಮಾತ್ರ ತಾಮ್ರದ ದಪ್ಪವನ್ನು ಸ್ವಲ್ಪ ಹೆಚ್ಚಿಸಿ. ಸೋಲ್ಡರ್ ಮಾಸ್ಕ್ (ತಾಮ್ರದ ಮೇಲೆ ಬಳಿಯುವ ಬಣ್ಣದ ರಕ್ಷಣೆಯ ಪದರ) ಲೇಯರು ತಿರುವುಮುರುವು ಎಂಬುದನ್ನು ಮರೆಯಬೇಡಿ: ಅದರಲ್ಲಿ ಬರೆದಿರುವುದು ತೆರೆದ ಜಾಗ. ಗಡಿಯಿಂದ ಅದನ್ನು ಕಳೆದರೆ ಬಣ್ಣ ಬಳಿಯುವ ಜಾಗ ಸಿಗುತ್ತದೆ. ಅರೆಪಾರದರ್ಶಕವಾದ್ದರಿಂದ ಅದನ್ನು ಕೊನೆಗೆ ಬರೆಯಿರಿ. ಸಿಲ್ಕ್ (ಬೋರ್ಡಿನ ಮೇಲೆ ಮುದ್ರಿಸುವ) ಅಕ್ಷರಗಳನ್ನೂ ಮಾಸ್ಕ್ ತೆರೆದ ಕಡೆ ಕತ್ತರಿಸಿ ತೋರಿಸಿ, ಬೋರ್ಡ್ ಮಾಡುವವರು ಪ್ಯಾಡಿನ ಮೇಲೆ ಬಿದ್ದ ಅಕ್ಷರವನ್ನು ಅಳಿಸಿಯೇ ಮುದ್ರಿಸುತ್ತಾರೆ.

ಕಾಂಪೊನೆಂಟುಗಳ ಹೊತ್ತಿಗೆ ಸ್ಟೆಪ್ ಓದಲು ಓಪನ್ ಕ್ಯಾಸ್ಕೇಡ್ ಎಂಬ 3ಡಿ ಲೈಬ್ರರಿ ಬಿಟ್ಟರೆ ಮುಕ್ತ ಲೋಕದಲ್ಲಿ ಬೇರೆ ಪ್ರೌಢ ದಾರಿ ಇಲ್ಲ. ದೊಡ್ಡ ಲೈಬ್ರರಿ, ಕಟ್ಟುವುದು ಕಷ್ಟ, ಆದರೂ ಸ್ಟೆಪ್ ಓದುವ ಕೋಡನ್ನು ಸ್ವಂತ ಬರೆಯಲು ಹೋಗಬೇಡಿ. ಬಣ್ಣ ಬೇಕಾದರೆ ಅದರ ಎಕ್ಸ್‌ಸಿಎಎಫ್ ಓದುಗವನ್ನು ಬಳಸಿ, ಸಾದಾ ಓದುಗದಲ್ಲಿ ಎಲ್ಲ ಬೂದಿ ಬಣ್ಣವಾಗುತ್ತದೆ. ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿದ ಹ್ಯಾಶ್ ಸಂಖ್ಯೆಯನ್ನು ಕೀಲಿಯಾಗಿಟ್ಟು ತ್ರಿಕೋನಗಳನ್ನು ಡಿಸ್ಕಿನಲ್ಲಿ ಕ್ಯಾಶ್ ಮಾಡಿ. ಒಂದೇ ಬಗೆಯ 50 ರೆಸಿಸ್ಟರು ಇದ್ದರೆ ಒಂದೇ ಸಲ ಓದಿ, 50 ಸಲ ಇಡಿ. ಇದನ್ನೆಲ್ಲ ಹಿನ್ನೆಲೆಯ ಥ್ರೆಡ್ಡಿನಲ್ಲಿ ನಡೆಸಿ, ಹಲಗೆ ತಕ್ಷಣ ಕಾಣಲಿ, ಕಾಂಪೊನೆಂಟುಗಳು ಒಂದೊಂದಾಗಿ ಬಂದು ಕೂರಲಿ.

ಹೆಚ್ಚು ಜನ ಮುಗ್ಗರಿಸುವುದು ಬೋರ್ಡಿನ ಕೆಳಮುಖದಲ್ಲಿ. ಲೆಕ್ಕದ ಕ್ರಮ ಇದು: ಮಾದರಿಯ ಸ್ಕೇಲ್, ಮಾದರಿಯ ತಿರುಗು, ಮಾದರಿಯ ಆಫ್‌ಸೆಟ್, ಕೆಳಮುಖದ್ದಾದರೆ 180 ಡಿಗ್ರಿ ಮಗುಚುವುದು, ಫುಟ್‌ಪ್ರಿಂಟಿನ ತಿರುಗು, ಕೊನೆಗೆ ಜಾಗಕ್ಕೆ ಸರಿಸುವುದು. ಮಗುಚುವ ಬದಲು ಝಡ್‌ಗೆ -1 ಗುಣಿಸಿದರೆ ದೂರದಿಂದ ಸರಿಯೇ ಕಾಣುತ್ತದೆ, ಆದರೆ ಅದು ಕನ್ನಡಿಯ ಬಿಂಬ. ಐಸಿಯ 1ನೇ ಪಿನ್ನಿನ ಚುಕ್ಕೆ ತಪ್ಪು ಮೂಲೆಗೆ ಹೋಗುತ್ತದೆ, ಐಸಿಯ ಮೇಲಿನ ಬರಹ ತಿರುವಾಗುತ್ತದೆ, ತ್ರಿಕೋನಗಳ ಸುತ್ತು ತಿರುಗಿ ಹೊರಮೈ ಮಾಯವಾಗಿ ಒಳಮೈ ಕಾಣುತ್ತದೆ. ಪರೀಕ್ಷೆಗೆ ಒಂದು ಬೋರ್ಡ್ ಮಾಡಿಟ್ಟುಕೊಳ್ಳಿ: ಮೇಲೊಂದು, ಕೆಳಗೊಂದು ಎಸ್‌ಓಐಸಿ-8 (ಎಂಟು ಕಾಲಿನ ಎಸ್‌ಎಂಡಿ ಐಸಿ), ಎರಡನ್ನೂ 0, 90, 180, 270 ಡಿಗ್ರಿಗೆ ತಿರುಗಿಸಿ. ಎಂಟೂ ಕಡೆ 1ನೇ ಪಿನ್ನಿನ ಚುಕ್ಕೆ 1ನೇ ಪ್ಯಾಡಿನ ಪಕ್ಕದಲ್ಲೇ ಬಂದರೆ ನಿಮ್ಮ ಲೆಕ್ಕ ಸರಿ. 30 ಡಿಗ್ರಿಗೂ ಒಮ್ಮೆ ತಿರುಗಿಸಿ ನೋಡಿ, 0 ಮತ್ತು 180ರಲ್ಲಿ ತಿರುಗುವ ದಿಕ್ಕಿನ ತಪ್ಪು ಅಡಗಿಕೊಳ್ಳುತ್ತದೆ.

ಲೈಸೆನ್ಸಿನ ವಿಚಾರ ಮೊದಲೇ ತೀರ್ಮಾನಿಸಿ. ಕೀಕ್ಯಾಡ್‌ನ ಲೈಬ್ರರಿಗಳು ಸಿಸಿ ಬಿವೈ-ಎಸ್‌ಎ 4.0 (ಹೆಸರು ಹೇಳಿ, ಅದೇ ಲೈಸೆನ್ಸಿನಲ್ಲಿ ಹಂಚಬೇಕು) ಅಡಿಯಲ್ಲಿವೆ, ವಿನ್ಯಾಸದಲ್ಲಿ ಬಳಸುವವರಿಗೆ ಪ್ರತ್ಯೇಕ ವಿನಾಯಿತಿ ಇದೆ. ಲಿಬ್ರೆಪಿಸಿಬಿಯ ಲೈಬ್ರರಿಗಳು ಸಿಸಿ0, ಅಂದರೆ ಯಾವ ಷರತ್ತೂ ಇಲ್ಲ. ಕಾಂಪೊನೆಂಟ್ ತಯಾರಕರು ಇಳಿಸಿಕೊಳ್ಳಲು ಕೊಡುವ ಸ್ಟೆಪ್ ಫೈಲುಗಳನ್ನು ಎಷ್ಟೋ ಸಲ ಮರುಹಂಚುವಂತಿಲ್ಲ, ಅವುಗಳನ್ನು ತಂದು ನಿಮ್ಮ ಲೈಬ್ರರಿಗೆ ಸುರಿಯಬೇಡಿ. ಕೀಕ್ಯಾಡ್‌ನವರು ತಮ್ಮ ಮಾದರಿಗಳಲ್ಲಿ ಬಹುಪಾಲನ್ನು ಕ್ಯಾಡ್‌ಕ್ವೆರಿ ಎಂಬ ಪೈಥಾನ್ ಲೈಬ್ರರಿಯಿಂದ, ಡೇಟಾಶೀಟಿನ ಅಳತೆ ಕೊಟ್ಟು ಹುಟ್ಟಿಸುತ್ತಾರೆ. ನಿಮ್ಮ ಮೂವರಲ್ಲಿ ಒಬ್ಬರು ಆ ದಾರಿ ಹಿಡಿಯಲಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಲಿಪಿ ಬರೆಯುವಾಗ ಎತ್ತರವನ್ನೂ ಒಂದು ಅಳತೆಯಾಗಿ ಇಟ್ಟು, ಫುಟ್‌ಪ್ರಿಂಟಿನ ಹೆಸರಿನಲ್ಲೂ ಅದನ್ನು ಬರೆಯಲಿ.